ನೆಲದಡಿ ರಾತ್ರಿ ಕಳೆದವರ ಲೆಕ್ಕ

ಹೋದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ಕುಳಿತು ಇಂಗ್ಲೆಂಡಿನ 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಯನ್ನು ಓದುತ್ತಿದ್ದೆ. 1898ರ ಪ್ಲೇಗಿನ ನಂತರ ಬೆಂಗಳೂರಿನ ಮನೆಗಳು ಹೇಗೆ ಬದಲಾದವು ಎಂಬುದು ನನ್ನ ಪಿಎಚ್.ಡಿ.ಯ ವಿಷಯ. ಬಸವನಗುಡಿ, ಮಲ್ಲೇಶ್ವರಗಳನ್ನು ರೂಪಿಸಿದ ಕಾಲದಲ್ಲಿ ‘ಗಾಳಿ, ಬೆಳಕು ಇರುವ ಮನೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅದು ಎಲ್ಲಿಂದ ಬಂತೆಂದು ಹುಡುಕುತ್ತ ಹಿಂದಕ್ಕೆ ಹೋದರೆ ಈ ಕಾಯ್ದೆಯ ಹತ್ತಿರ ಬಂದು ನಿಲ್ಲುತ್ತೇವೆ.

ಕಾಯ್ದೆಯ ನಡುವೆ ನೆಲಮಾಳಿಗೆಯ ವಾಸದ ಬಗ್ಗೆ ಕೆಲವು ಕಲಮುಗಳಿವೆ. ಹೊಸದಾಗಿ ಯಾವ ನೆಲಮಾಳಿಗೆಯನ್ನೂ ವಾಸಕ್ಕೆ ಕೊಡುವಂತಿಲ್ಲ. ಈಗಾಗಲೇ ಜನ ವಾಸವಿರುವ ನೆಲಮಾಳಿಗೆಯನ್ನು ಬಾಡಿಗೆಗೆ ಕೊಡಬೇಕಾದರೆ ಅದರ ಎತ್ತರ ಕನಿಷ್ಠ ಏಳು ಅಡಿ ಇರಬೇಕು. ಅದರಲ್ಲಿ ಮೂರು ಅಡಿಯಾದರೂ ರಸ್ತೆಯ ಮಟ್ಟಕ್ಕಿಂತ ಮೇಲಿರಬೇಕು. ಮುಂಭಾಗದ ಉದ್ದಕ್ಕೂ ಎರಡೂವರೆ ಅಡಿ ಅಗಲದ ತೆರೆದ ಜಾಗ ಬಿಟ್ಟಿರಬೇಕು. ನೀರು ಹರಿದುಹೋಗಲು ಚರಂಡಿ ಇರಬೇಕು, ಶೌಚದ ವ್ಯವಸ್ಥೆ ಇರಬೇಕು. ಚಿಮಣಿಯುಳ್ಳ ಒಲೆ ಇರಬೇಕು. ಚೌಕಟ್ಟು ಬಿಟ್ಟು ಒಂಬತ್ತು ಚದರ ಅಡಿಯ, ತೆರೆಯಲು ಬರುವ ಕಿಟಕಿ ಇರಬೇಕು.

ಅಂದು ಸಂಜೆ ಮನೆಗೆ ಹೋದವನೇ ಓನರ್ ಹತ್ತಿರ ಟೇಪು ಕೇಳಿ ತಂದು ನನ್ನ ಕೋಣೆಯನ್ನು ಅಳೆದೆ. ನಾನಿರುವುದು ಬೆಂಗಳೂರಿನ ಒಂದು ನಾಲ್ಕು ಮಹಡಿಯ ಕಟ್ಟಡದ ಬೇಸ್‌ಮೆಂಟಿನಲ್ಲಿ. ವಾಹನ ನಿಲ್ಲಿಸಲು ಕಟ್ಟಿದ ಜಾಗದ ಅರ್ಧ ಭಾಗಕ್ಕೆ ಇಟ್ಟಿಗೆ ಗೋಡೆ ಎಬ್ಬಿಸಿ ಮೂರು ಕೋಣೆ ಮಾಡಿದ್ದಾರೆ. ಬಾಡಿಗೆ ಆರೂವರೆ ಸಾವಿರ. ಫೆಲೋಶಿಪ್ ಹಣ ಎರಡು ತಿಂಗಳಿಗೊಮ್ಮೆ, ಕೆಲವೊಮ್ಮೆ ನಾಲ್ಕು ತಿಂಗಳಿಗೊಮ್ಮೆ ಬರುವ ನನ್ನಂಥವನಿಗೆ ಅದಕ್ಕಿಂತ ಮೇಲಿನ ಮನೆ ಆಗುವುದಿಲ್ಲ.

ಕೋಣೆಯ ಎತ್ತರ ಎಂಟು ಅಡಿ. ಇಲ್ಲಿ ಪಾಸಾದೆ. ರಸ್ತೆಗಿಂತ ಮೇಲಿರುವ ಭಾಗ ಎರಡೂ ಮುಕ್ಕಾಲು ಅಡಿ. ಮೂರು ಇಂಚು ಕಡಿಮೆ. ಹೊರಗೆ ತೆರೆದ ಜಾಗವಿಲ್ಲ, ಪಕ್ಕದ ಮನೆಯ ಕಾಂಪೌಂಡ್ ಇದೆ. ಒಲೆ, ಚಿಮಣಿ ಇಲ್ಲ. ಕಿಟಕಿ ಮೂರು ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ಹೆಚ್ಚೆಂದರೆ ಮೂರೂ ಮುಕ್ಕಾಲು ಚದರ ಅಡಿ. ಅದೂ ನೆಲದಿಂದ ಐದೂವರೆ ಅಡಿ ಎತ್ತರದಲ್ಲಿದೆ. ಅದಕ್ಕೆ ಗೋಡೆಯೊಳಗೆ ಹುದುಗಿಸಿದ ಕಬ್ಬಿಣದ ಗ್ರಿಲ್. ನೂರೈವತ್ತು ವರ್ಷ ಹಿಂದಿನ ಒಬ್ಬ ಇಂಗ್ಲಿಷ್ ಇನ್ಸ್‌ಪೆಕ್ಟರ್ ಬಂದಿದ್ದರೆ ನನ್ನ ಕೋಣೆಗೆ ಬೀಗ ಹಾಕಿಸುತ್ತಿದ್ದ.

ಮೊದಲು ನಗು ಬಂತು. ಆಮೇಲೆ ಗ್ರಿಲ್ಲನ್ನು ಹಿಡಿದು ಎಳೆದು ನೋಡಿದೆ. ಅದು ಅಲುಗಲಿಲ್ಲ. ಕೋಣೆಗೆ ಇನ್ನೊಂದು ದಾರಿ ಬಾಗಿಲು. ಬಾಗಿಲಿನಿಂದ ಮೆಟ್ಟಿಲಿಗೆ ಹೋಗಬೇಕಾದರೆ ಕಟ್ಟಡದ ಅಷ್ಟೂ ಮನೆಗಳ ಮೀಟರ್ ಬೋರ್ಡ್, ಅದರ ಕೆಳಗೆ ರಾತ್ರಿಯಿಡೀ ಚಾರ್ಜಿಗೆ ಹಾಕಿದ ಎರಡು ಎಲೆಕ್ಟ್ರಿಕ್ ಸ್ಕೂಟರುಗಳನ್ನು ದಾಟಬೇಕು. ಎರಡು ವರ್ಷ ಆ ದಾರಿಯಲ್ಲಿ ದಿನವೂ ಓಡಾಡಿದ್ದೆ. ಒಮ್ಮೆಯೂ ಅದನ್ನು ಹೀಗೆ ನೋಡಿರಲಿಲ್ಲ.

*

ಆ ಒಂಬತ್ತು ಚದರ ಅಡಿಯ ಲೆಕ್ಕ ಹುಟ್ಟಿದ ಕಥೆಯಲ್ಲಿ ಲಿವರ್‌ಪೂಲ್ ನಗರಕ್ಕೆ ದೊಡ್ಡ ಪಾಲಿದೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಆ ಬಂದರು ನಗರಕ್ಕೆ ಕೂಲಿ ಹುಡುಕಿಕೊಂಡು ಬಂದವರು ಮನೆಗಳ ಕೆಳಗಿನ ನೆಲಮಾಳಿಗೆಗಳಲ್ಲಿ ಸೇರಿಕೊಂಡರು. ಮೇಲಿನವರು ಕಲ್ಲಿದ್ದಲು, ಸಾಮಾನು ಇಡಲು ಕಟ್ಟಿಸಿಕೊಂಡ ಜಾಗಗಳವು. ಫ್ರೆಡರಿಕ್ ಎಂಗೆಲ್ಸ್ 1845ರಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿಗತಿಯ ಪುಸ್ತಕದಲ್ಲಿ ಲಿವರ್‌ಪೂಲಿನ ಅಂಥ ನೆಲಮಾಳಿಗೆಗಳ ಸಂಖ್ಯೆ 7,862 ಎಂದೂ, ಅವುಗಳಲ್ಲಿ 45,000ಕ್ಕೂ ಹೆಚ್ಚು ಜನ ಇದ್ದರೆಂದೂ ಲೆಕ್ಕ ಕೊಡುತ್ತಾನೆ. ಅವನ ಪ್ರಕಾರ ಅದು ನಗರದ ಐದನೆಯ ಒಂದು ಭಾಗ.

ಅಲ್ಲಿ ಡಬ್ಲ್ಯು. ಎಚ್. ಡಂಕನ್ ಎಂಬ ವೈದ್ಯನಿದ್ದ. ಲಿವರ್‌ಪೂಲಿನಲ್ಲಿ ಜನ ಇಷ್ಟು ಬೇಗ ಏಕೆ ಸಾಯುತ್ತಾರೆ ಎಂಬುದರ ಬಗ್ಗೆ 1843ರಲ್ಲಿ ಒಂದು ಕಿರುಹೊತ್ತಗೆ ಬರೆದ. ಅದರ ಹಿಂದಿನ ವರ್ಷ ಎಡ್ವಿನ್ ಚಾಡ್ವಿಕ್ ಕೊಟ್ಟ ಪ್ರಸಿದ್ಧ ವರದಿಯಲ್ಲಿ ಒಂದು ಕೋಷ್ಟಕವಿದೆ: ಲಿವರ್‌ಪೂಲಿನ ಶ್ರೀಮಂತ ಕುಟುಂಬಗಳಲ್ಲಿ ಸಾವಿನ ಸರಾಸರಿ ವಯಸ್ಸು 35, ವ್ಯಾಪಾರಿಗಳಲ್ಲಿ 22, ಕೂಲಿಕಾರರಲ್ಲಿ 15. ಎಳೆಯ ಮಕ್ಕಳ ಸಾವು ಸೇರಿದ್ದರಿಂದ ಸರಾಸರಿ ಅಷ್ಟು ಕೆಳಗಿಳಿದಿದೆ. ಹಾಗೆಂದು ತಿಳಿದ ಮೇಲೂ ಆ ಹದಿನೈದು ಎಂಬ ಅಂಕಿ ಕಣ್ಣಿಗೆ ಚುಚ್ಚುತ್ತದೆ.

1846ರಲ್ಲಿ ಲಿವರ್‌ಪೂಲಿಗೆಂದೇ ಒಂದು ನೈರ್ಮಲ್ಯ ಕಾಯ್ದೆ ಬಂತು. 1847ರ ಜನವರಿ 1ರಿಂದ ಡಂಕನ್ ನಗರದ ಆರೋಗ್ಯಾಧಿಕಾರಿಯಾದ. ಬ್ರಿಟನ್ನಿನಲ್ಲಿ ಅಂಥ ಹುದ್ದೆ ಹಿಡಿದ ಮೊದಲಿಗ ಅವನೇ. ಆದರೆ ಆ ವರ್ಷವೇ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಹುಟ್ಟಿದ ಬರದಿಂದ ಸುಮಾರು 3 ಲಕ್ಷ ಜನ ಹಡಗು ಹತ್ತಿ ಲಿವರ್‌ಪೂಲಿಗೆ ಬಂದಿಳಿದರು. ಅವರಲ್ಲಿ ಎಷ್ಟೋ ಮಂದಿ ಅಮೆರಿಕಕ್ಕೆ ಮುಂದುವರಿದರು. ಟಿಕೆಟ್ಟಿಗೆ ಹಣವಿಲ್ಲದವರು ಅಲ್ಲಿಯೇ ಉಳಿದು ನೆಲಮಾಳಿಗೆಗಳಿಗೆ ಇಳಿದರು. ಟೈಫಸ್ ಜ್ವರ ಹಬ್ಬಿತು. ಡಂಕನ್ ನೆಲಮಾಳಿಗೆಗಳನ್ನು ಖಾಲಿ ಮಾಡಿಸುತ್ತ ಹೋದ. ಸಾವಿರಾರು ಜನ ಹೊರಬಿದ್ದರು. ಅವರಿಗೆ ಬೇರೆ ಮನೆ ಕೊಡುವುದು ಯಾರ ಕೆಲಸವೆಂದು ಕಾಯ್ದೆ ಹೇಳಿರಲಿಲ್ಲ. ಹೀಗಾಗಿ ಅವರು ಮೊದಲೇ ಕಿಕ್ಕಿರಿದ ಬೇರೆ ಮನೆಗಳಲ್ಲಿ ತುಂಬಿಕೊಂಡರು. ಮುಚ್ಚಿದ ನೆಲಮಾಳಿಗೆಗಳೂ ಮತ್ತೆ ತುಂಬಿಕೊಂಡವು.

ಈ ಅನುಭವವೆಲ್ಲ ಇಳಿದು ಬಂದು 1875ರ ಕಾಯ್ದೆಯಲ್ಲಿ ಅಡಿ, ಇಂಚುಗಳಾಗಿ ಕುಳಿತಿದೆ. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂದು ಬಹುಕಾಲ ನಂಬಿದ್ದ ಪೀಳಿಗೆಯದು. ಟೈಫಸ್ ಹೇನಿನಿಂದ ಹರಡುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಗಾಳಿಗಾಗಿಯೇ ಕಿಟಕಿ, ಗಾಳಿಗಾಗಿಯೇ ಎರಡೂವರೆ ಅಡಿಯ ತೆರೆದ ಜಾಗ. ಒಲೆಯನ್ನು ಕಡ್ಡಾಯ ಮಾಡಿದ್ದರಲ್ಲೂ ಗಾಳಿಯ ಲೆಕ್ಕವಿದೆ: ಒಲೆ ಉರಿದರೆ ಕೋಣೆಯ ಗಾಳಿ ಚಿಮಣಿಯ ಮೂಲಕ ಮೇಲಕ್ಕೆ ಹೋಗಿ ಹೊಸ ಗಾಳಿ ಒಳಗೆ ಬರುತ್ತದೆ, ತೇವವೂ ಆರುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಅಂಶ. ನೆಲದಡಿಯ ವಾಸಕ್ಕೆ ಕಾನೂನು ಹಾಕಿದ ಮೊದಮೊದಲ ಷರತ್ತುಗಳಲ್ಲಿ ಬೆಂಕಿ ಇರಲೇಬೇಕಾದ ವಸ್ತುವಾಗಿತ್ತು. ಅದು ಕೈತಪ್ಪಿದರೆ ಒಳಗಿರುವವರು ಹೊರಗೆ ಹೇಗೆ ಬರಬೇಕು ಎಂಬ ಬಗ್ಗೆ ಆ ಕಲಮುಗಳಲ್ಲಿ ಒಂದು ಮಾತೂ ಇಲ್ಲ.

ಆದರೆ ಇನ್ನೊಂದು ಮಾತಿದೆ. ಯಾವುದನ್ನು ‘ವಾಸ’ ಎನ್ನಬೇಕು? ಮಾಲೀಕರು ‘ಇಲ್ಲಿ ಯಾರೂ ವಾಸವಿಲ್ಲ, ಸಾಮಾನು ಇಟ್ಟಿದ್ದೇವೆ’ ಎಂದರೆ? ಕಾಯ್ದೆ ಒಂದೇ ವಾಕ್ಯದಲ್ಲಿ ಉತ್ತರಿಸುತ್ತದೆ. ಯಾವ ನೆಲಮಾಳಿಗೆಯಲ್ಲಿ ಯಾವನೇ ಒಬ್ಬ ವ್ಯಕ್ತಿ ರಾತ್ರಿ ಕಳೆಯುತ್ತಾನೋ ಅದು ವಾಸದ ಜಾಗವೇ ಎಂದು ತಿಳಿಯತಕ್ಕದ್ದು. ನಕ್ಷೆಯಲ್ಲಿ ಏನಿದೆ, ಕರಾರುಪತ್ರದಲ್ಲಿ ಏನಿದೆ ಎಂಬ ಪ್ರಶ್ನೆಯೇ ಬರುವುದಿಲ್ಲ. ರಾತ್ರಿ ಅಲ್ಲಿ ಯಾರು ಮಲಗಿದ್ದರು ಎಂಬುದೊಂದೇ ಪ್ರಶ್ನೆ.

*

ಗಾಳಿಯ ಕಿಟಕಿ ಮನುಷ್ಯ ಹೊರಬರುವ ಕಿಟಕಿಯಾಗಲು ಇನ್ನೂ ಎಷ್ಟೋ ದಶಕ ಬೇಕಾಯಿತು. ಅದಕ್ಕೆ ಮೊದಲು ನೆಲದಡಿಯ ಬೆಂಕಿ ಬೇರೆ ಬೆಂಕಿಗಿಂತ ಏಕೆ ಭಿನ್ನ ಎಂಬುದನ್ನು ಹೇಳಬೇಕು.

ಬೆಂಕಿಯಲ್ಲಿ ಸಾಯುವವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಉರಿಯಲ್ಲ, ಹೊಗೆ. ಅದರಲ್ಲೂ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್. ಬಿಸಿ ಹೊಗೆ ಮೇಲಕ್ಕೆ ಹೋಗುತ್ತದೆ. ಮೂರನೆಯ ಮಹಡಿಯಲ್ಲಿ ಬೆಂಕಿ ಬಿದ್ದರೆ ಆ ಮಹಡಿಯವರು ಮೆಟ್ಟಿಲಿಳಿದು ಹೋಗುತ್ತಾರೆ. ಹೊಗೆ ಒಂದು ದಿಕ್ಕಿಗೆ, ಮನುಷ್ಯ ಇನ್ನೊಂದು ದಿಕ್ಕಿಗೆ. ನೆಲಮಾಳಿಗೆಯಲ್ಲಿ ಹೊಗೆಯೂ ಮೇಲಕ್ಕೇ ಹೋಗಬೇಕು, ಮನುಷ್ಯನೂ ಮೇಲಕ್ಕೇ ಹೋಗಬೇಕು. ಇಬ್ಬರಿಗೂ ಇರುವುದು ಒಂದೇ ಮೆಟ್ಟಿಲು. ಕ್ಷಣಗಳಲ್ಲಿ ಆ ಮೆಟ್ಟಿಲು ಚಿಮಣಿಯಾಗಿಬಿಡುತ್ತದೆ. ರಕ್ಷಿಸಲು ಬರುವ ಅಗ್ನಿಶಾಮಕ ಸಿಬ್ಬಂದಿಯೂ ಅದೇ ಚಿಮಣಿಯ ಬಾಯಿಂದ ಒಳಗಿಳಿಯಬೇಕು.

ಉರಿಯುವ ಸಾಮಾನೂ ಬದಲಾಗಿದೆ. ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಸಂಸ್ಥೆ ಒಂದೇ ಅಳತೆಯ ಎರಡು ಕೋಣೆಗಳಿಗೆ ಬೆಂಕಿ ಹಚ್ಚಿ ನೋಡಿತು. ಒಂದರಲ್ಲಿ ಹಳೆಯ ಕಾಲದ ಮರ, ಹತ್ತಿಯ ಪೀಠೋಪಕರಣ; ಇನ್ನೊಂದರಲ್ಲಿ ಇಂದಿನ ಫೋಮ್, ಪಾಲಿಯೆಸ್ಟರ್, ಪ್ಲಾಸ್ಟಿಕ್. ಮೊದಲನೆಯದು ಪೂರ್ತಿ ಹೊತ್ತಿಕೊಳ್ಳಲು ಅರ್ಧ ಗಂಟೆಯ ಹತ್ತಿರ ಹತ್ತಿರ ಬೇಕಾಯಿತು. ಎರಡನೆಯದಕ್ಕೆ ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಡಂಕನ್ ಕಾಲದ ನೆಲಮಾಳಿಗೆಯವನಿಗೆ ಗಾಳಿ ಇರಲಿಲ್ಲ, ಆದರೆ ಎದ್ದು ಓಡಲು ಸಮಯವಾದರೂ ಇತ್ತೇನೋ. ನನ್ನ ಫೋಮ್ ಹಾಸಿಗೆಗೆ ಆ ಸೌಜನ್ಯವಿಲ್ಲ.

ಇದನ್ನು ಓದುವಾಗ ನನಗೆ ನೆನಪಾದದ್ದು ನನ್ನ ಅಜ್ಜ. ನವಲಗುಂದದ ಕಡೆಯ ನಮ್ಮ ಊರಿನಲ್ಲಿ ಜೋಳ ತುಂಬಿಡಲು ಹಗೇವುಗಳಿದ್ದವು. ನೆಲದಡಿ ತೋಡಿದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ ಕಣಜಗಳು. ನಾನು ಹುಡುಗನಾಗಿದ್ದಾಗ ಅವು ಬಳಕೆ ತಪ್ಪಿದ್ದವು. ಆದರೂ ಅಜ್ಜ ಪ್ರತಿ ಸಲ ಹೇಳುತ್ತಿದ್ದರು: “ಹಗೇವಿನ ಬಾಯಿ ತೆಗದ ಕೂಡ್ಲೇ ಇಳೀಬಾರದು ತಮ್ಮಾ, ಜೀವ ಹೋಗತೈತಿ. ಮೊದಲ ಗಾಳಿ ಆಡಾಕ ಬಿಡಬೇಕು, ಆಮ್ಯಾಲೆ ದೀಪಾ ಇಳಿಬಿಟ್ಟು ನೋಡಬೇಕು. ದೀಪ ಆರಿದರ ನೀನೂ ಆರತಿ.” ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ಕಡಿಮೆಯಾಗಿ, ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಅಜ್ಜನಿಗೆ ಆ ಹೆಸರುಗಳು ಗೊತ್ತಿರಲಿಲ್ಲ, ನಿಯಮ ಗೊತ್ತಿತ್ತು. ಮೇಲೆ ಒಬ್ಬ ಹಗ್ಗ ಹಿಡಿದು ನಿಲ್ಲದೆ ಯಾರೂ ಇಳಿಯುತ್ತಿರಲಿಲ್ಲವಂತೆ. ನೆಲದಡಿಗೆ ಇಳಿಯುವವನು ಮೇಲೆ ಬರುವ ದಾರಿಯನ್ನು ಮೊದಲೇ ನೋಡಿಕೊಂಡಿರಬೇಕು ಎಂಬ ತಿಳಿವಳಿಕೆ ನಮ್ಮ ರೈತರಲ್ಲಿತ್ತು. ಕಾನೂನಿನ ಪುಸ್ತಕಕ್ಕೆ ಅದು ಬಂದದ್ದು ತಡವಾಗಿ.

1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಯಲ್ಲಿ 146 ಕೆಲಸಗಾರರು ಸತ್ತರು. ಅದು ನೆಲಮಾಳಿಗೆಯಲ್ಲ, ಕಟ್ಟಡದ ಮೇಲಿನ ಮಹಡಿಗಳು. ಆದರೆ ಅಲ್ಲಿ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಕಟ್ಟಡ ಉಳಿಯುವುದು ಬೇರೆ, ಒಳಗಿರುವವರು ಹೊರಬರುವುದು ಬೇರೆ ಎಂಬ ಸಂಗತಿ ಆ ದಿನ ಎಲ್ಲರಿಗೂ ಕಂಡಿತು. ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘ 1913ರಲ್ಲಿ ಜೀವರಕ್ಷಣೆಗೆಂದೇ ಒಂದು ಸಮಿತಿ ಮಾಡಿತು. 1927ರಲ್ಲಿ ಹೊರದಾರಿಗಳ ಬಗೆಗಿನ ಸಂಹಿತೆ ಬಂತು. ಗೋಡೆ ಎಷ್ಟು ಹೊತ್ತು ಬೆಂಕಿ ತಡೆಯುತ್ತದೆ ಎಂದು ಅಳೆಯುತ್ತಿದ್ದವರು ಮನುಷ್ಯನಿಗೆ ಎಷ್ಟು ಅಗಲದ ದಾರಿ ಬೇಕು ಎಂದು ಅಳೆಯತೊಡಗಿದರು.

ಅದರ ಕೊನೆಯ ರೂಪವನ್ನು ಇಂದು ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಬಳಕೆಯಲ್ಲಿರುವ ವಸತಿ ಕಟ್ಟಡಗಳ ಸಂಹಿತೆಯಲ್ಲಿ ನೋಡಬಹುದು. ಅದರ ಮೊದಲ ಆವೃತ್ತಿ ಬಂದದ್ದು 2000ದಲ್ಲಿ. ಮಲಗುವ ಪ್ರತಿ ಕೋಣೆಗೂ, ವಾಸವಿರುವ ನೆಲಮಾಳಿಗೆಗೂ ಹೊರಗೆ ದಾಟಬಹುದಾದ ಒಂದು ಕಿಟಕಿ ಅಥವಾ ಬಾಗಿಲು ಬೇಕು. ತೆರೆದಾಗ ಸಿಗುವ ಜಾಗ 5.7 ಚದರ ಅಡಿ. ನೆಲಮಟ್ಟದಲ್ಲಿದ್ದರೆ 5 ಚದರ ಅಡಿ. ಎತ್ತರ 24 ಇಂಚಿಗೆ, ಅಗಲ 20 ಇಂಚಿಗೆ ಕಡಿಮೆಯಾಗಬಾರದು. ಕಿಟಕಿಯ ಕೆಳಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಕಿಟಕಿಯ ಹೊರಗೆ ನೆಲ ಅಗೆದು ಬಾವಿಯಂಥ ಜಾಗ ಮಾಡಿದ್ದರೆ ಅದು ಒಂಬತ್ತು ಚದರ ಅಡಿ ಇರಬೇಕು, 44 ಇಂಚಿಗಿಂತ ಆಳವಾಗಿದ್ದರೆ ಅದರಲ್ಲಿ ಏಣಿ ಇರಬೇಕು. ಕಂಬಿಗಳಿದ್ದರೆ ಕೀಲಿಕೈ, ಉಪಕರಣ ಯಾವುದೂ ಇಲ್ಲದೆ ಒಳಗಿನಿಂದ ತೆಗೆಯಲು ಬರಬೇಕು.

ಈ ಅಂಕಿಗಳ ಹಿಂದೆ ದೇಹಗಳಿವೆ. ನಿದ್ದೆಗಣ್ಣಿನಲ್ಲಿ, ಕತ್ತಲಲ್ಲಿ ಎದ್ದ ಮನುಷ್ಯ ಕಾಲೆತ್ತಿ ಇಡಬಲ್ಲ ಎತ್ತರ. ಅವನ ಭುಜ ತೂರುವ ಅಗಲ. ಬೆನ್ನಿಗೆ ಉಸಿರಾಟದ ಸಿಲಿಂಡರ್ ಕಟ್ಟಿಕೊಂಡ ಅಗ್ನಿಶಾಮಕ ಸಿಬ್ಬಂದಿ ಒಳಗೆ ಬರಲು ಬೇಕಾದ ಜಾಗ. ಇಂಗ್ಲೆಂಡಿನ ಇಂದಿನ ಮಾರ್ಗಸೂಚಿಯೂ ಇದೇ ತರ್ಕದ್ದು: ಮನೆಯ ನೆಲಮಾಳಿಗೆಗೆ ಒಂದೋ ನೇರ ಹೊರಬರುವ ಕಿಟಕಿ ಅಥವಾ ಬಾಗಿಲು, ಇಲ್ಲವೇ ಬೆಂಕಿ ಹೊಗೆಗಳಿಂದ ಬೇರ್ಪಡಿಸಿದ ರಕ್ಷಿತ ಮೆಟ್ಟಿಲು. 1875ರಲ್ಲಿ ಶ್ವಾಸಕೋಶಕ್ಕಾಗಿ ಅಳೆದ ಕಿಟಕಿಯನ್ನು ಈಗ ಭುಜಕ್ಕಾಗಿ ಅಳೆಯುತ್ತಿದ್ದಾರೆ.

*

ಹಾಗಾದರೆ ನಮ್ಮ ದೇಶದ ಅಳತೆ ಏನು?

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಬಂದದ್ದು 1970ರಲ್ಲಿ. 1983, 2005, 2016ರಲ್ಲಿ ಪರಿಷ್ಕರಣೆಯಾಯಿತು. ಬೇಸ್‌ಮೆಂಟಿನ ಬಗ್ಗೆ ಅದರಲ್ಲಿ ಸಾಕಷ್ಟು ವಿವರವಿದೆ. ಹೊಗೆ ಹೋಗಲು ನೆಲದ ವಿಸ್ತೀರ್ಣದ ಶೇ 2.5ರಷ್ಟು ತೆರಪು ಸುತ್ತಲೂ ಹಂಚಿಕೆಯಾಗಿರಬೇಕು. ಬೇಸ್‌ಮೆಂಟಿನ ಮೆಟ್ಟಿಲು ಮೇಲಿನ ಮಹಡಿಗಳ ಮೆಟ್ಟಿಲಿನಿಂದ ಪ್ರತ್ಯೇಕವಾಗಿರಬೇಕು. ಒಂದೇ ಆಗಿದ್ದರೆ ನಡುವೆ ಬೆಂಕಿ ತಡೆಯುವ ಆವರಣ ಬೇಕು. ಗ್ಯಾಸ್ ಬಳಸುವ ಅಡುಗೆಮನೆ ಬೇಸ್‌ಮೆಂಟಿನಲ್ಲಿ ಕೂಡದು. ಎಲ್‌ಪಿಜಿ ಗಾಳಿಗಿಂತ ಭಾರ. ಮೇಲಿನ ಮನೆಯಲ್ಲಿ ಸೋರಿದರೆ ಬಾಗಿಲಿನ ಕೆಳಗಿಂದ ಹೊರಹೋಗುವ ಅನಿಲ ನೆಲಮಾಳಿಗೆಯಲ್ಲಿ ಹೋಗಲು ಜಾಗವಿಲ್ಲದೆ ನೀರಿನಂತೆ ನೆಲದ ಮೇಲೆ ನಿಲ್ಲುತ್ತದೆ.

ಇದೆಲ್ಲ ಸರಿಯೇ. ಆದರೆ ಅಲ್ಲಿ ಮಲಗುವವನು ಹೊರಬರಲು ಎಷ್ಟು ದೊಡ್ಡ ಕಿಟಕಿ ಬೇಕು ಎಂದು ಹುಡುಕಿದರೆ ಸಿಗುವುದಿಲ್ಲ. ಸಿಗದಿರಲು ಕಾರಣ ಸರಳ. ನಮ್ಮ ಸಂಹಿತೆಯಲ್ಲಿ ಬೇಸ್‌ಮೆಂಟ್ ಇರುವುದು ವಾಹನ ನಿಲ್ಲಿಸಲು, ಸಾಮಾನು ಇಡಲು, ಯಂತ್ರಗಳನ್ನು ಕೂರಿಸಲು. ವಾಸಕ್ಕೆ ಅದನ್ನು ಬಳಸುವಂತಿಲ್ಲ. ವಾಸವೇ ಇಲ್ಲದ ಮೇಲೆ ವಾಸಿಸುವವನ ಭುಜ ಅಳೆಯುವುದೇಕೆ?

ಆ ನಿಷೇಧ ತಪ್ಪೆಂದು ನಾನು ಹೇಳುತ್ತಿಲ್ಲ. ನೆಲದಡಿಯ ಜಾಗವನ್ನು ಅನುಮತಿ ಪಡೆದದ್ದಕ್ಕಲ್ಲದೆ ಬೇರೆಯದಕ್ಕೆ ಬಳಸಿದರೆ ಏನಾಗುತ್ತದೆಂದು ನಾವು ಮತ್ತೆ ಮತ್ತೆ ನೋಡಿದ್ದೇವೆ. 2011ರ ಡಿಸೆಂಬರ್ 9ರ ಬೆಳಗಿನ ಜಾವ ಕೋಲ್ಕತ್ತದ ಢಾಕುರಿಯಾದ ಒಂದು ಖಾಸಗಿ ಆಸ್ಪತ್ರೆಯಲ್ಲಿ, ವಾಹನ ನಿಲ್ಲಿಸಬೇಕಾಗಿದ್ದ ಬೇಸ್‌ಮೆಂಟಿನಲ್ಲಿ ತುಂಬಿಟ್ಟಿದ್ದ ಸಾಮಾನಿಗೆ ಬೆಂಕಿ ಹತ್ತಿತು. ಹೊಗೆ ವಾರ್ಡುಗಳಿಗೆ ಏರಿ ಸುಮಾರು 90 ಮಂದಿ ಸತ್ತರು; ಹೆಚ್ಚಿನವರು ಹಾಸಿಗೆಯಿಂದ ಏಳಲಾಗದ ರೋಗಿಗಳು. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಒಂದು ಕಟ್ಟಡದ ತಳದಲ್ಲಿದ್ದ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯಲ್ಲಿ ಬೆಂಕಿ ಹೊತ್ತಿ, ಅದರ ಹೊಗೆ ಮೇಲಿನ ಲಾಡ್ಜಿಗೆ ಏರಿ 8 ಜನ ಸತ್ತರು. 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದ ಕೋಚಿಂಗ್ ಕೇಂದ್ರವೊಂದರ ಬೇಸ್‌ಮೆಂಟಿಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಮುಳುಗಿದರು. ಅದಕ್ಕೆ ಅನುಮತಿ ಇದ್ದದ್ದು ಪಾರ್ಕಿಂಗಿಗೆ, ಸಾಮಾನಿಗೆ, ನಡೆಯುತ್ತಿದ್ದದ್ದು ಗ್ರಂಥಾಲಯ. ಅಲ್ಲಿ ನುಗ್ಗಿದ್ದು ನೀರು, ಹೊಗೆಯಲ್ಲ. ಆದರೆ ಮೇಲೆ ಬರುವ ದಾರಿ ಒಂದೇ, ಅಪಾಯ ಬರುವ ದಾರಿಯೂ ಅದೇ ಎಂಬ ಲೆಕ್ಕ ಎರಡಕ್ಕೂ ಒಂದೇ. ಆ ಸುದ್ದಿ ಓದಿದ ದಿನ ನಾನು ನನ್ನ ಬೇಸ್‌ಮೆಂಟ್ ಕೋಣೆಯಲ್ಲೇ ಇದ್ದೆ. ಬೇಸರಪಟ್ಟೆ, ಫೋನು ಕೆಳಗಿಟ್ಟು ಮಲಗಿದೆ.

ನಿಷೇಧದಿಂದ ಆಗುವ ಇನ್ನೊಂದು ಪರಿಣಾಮ ನನಗೆ ಹೊಳೆದದ್ದು ಟೇಪು ಹಿಡಿದ ಮೇಲೆಯೇ. ನಿಷೇಧಿಸಿದ ಮೇಲೂ ಜನ ಅಲ್ಲಿ ಇದ್ದೇ ಇರುತ್ತಾರೆ. ಆದರೆ ಕಾಗದದಲ್ಲಿ ಅವರು ಇಲ್ಲ. ಇಲ್ಲದವರಿಗೆ ಕಿಟಕಿ ಬೇಕಿಲ್ಲ, ಹೊಗೆ ಎಚ್ಚರಿಸುವ ಗಂಟೆ ಬೇಕಿಲ್ಲ, ಎರಡನೆಯ ದಾರಿ ಬೇಕಿಲ್ಲ. 1875ರ ಇನ್ಸ್‌ಪೆಕ್ಟರ್ ರಾತ್ರಿ ಮಲಗಿದವರನ್ನು ಲೆಕ್ಕ ಹಾಕಿದ. ನಾವು ನಕ್ಷೆಯಲ್ಲಿರುವುದನ್ನು ಲೆಕ್ಕ ಹಾಕುತ್ತೇವೆ.

*

ಹಾಗೆಂದು ಅಧಿಕಾರಿಗಳು ಬಂದು ಲೆಕ್ಕ ಹಾಕಿದರೆ ಒಳ್ಳೆಯದೇ ಆಗುತ್ತದೆ ಎನ್ನಲೂ ಇತಿಹಾಸ ಬಿಡುವುದಿಲ್ಲ.

ಬೀಜಿಂಗ್ ನಗರದಡಿ ಮಾವೋ ಕಾಲದಲ್ಲಿ, 1969ರ ನಂತರ, ಯುದ್ಧದ ಭಯದಿಂದ ಅಗೆದ ಆಶ್ರಯತಾಣಗಳಿವೆ. ಮುಂದೆ ಅವು ಮತ್ತು ಹೊಸ ಕಟ್ಟಡಗಳ ನೆಲಮಾಳಿಗೆಗಳು ಹಳ್ಳಿಗಳಿಂದ ಬಂದ ಕೆಲಸಗಾರರಿಗೆ ಬಾಡಿಗೆ ಕೋಣೆಗಳಾದವು. ಅಲ್ಲಿರುವವರಿಗೆ ‘ಇಲಿಗಳ ಕುಲ’ ಎಂಬ ಹೆಸರೂ ಬಿತ್ತು. 2017ರ ನವೆಂಬರ್ 18ರಂದು ನಗರದ ದಕ್ಷಿಣದ ದಾಶಿಂಗ್ ಪ್ರದೇಶದಲ್ಲಿ ಬಾಡಿಗೆ ಕೋಣೆಗಳಿದ್ದ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಕಟ್ಟುತ್ತಿದ್ದ ಶೀತಲಗೃಹಕ್ಕೆ ಬೆಂಕಿ ಹತ್ತಿತು. ಮೇಲೆ ಮಲಗಿದ್ದ 19 ಜನ ಸತ್ತರು. ಅವರಲ್ಲಿ 8 ಮಕ್ಕಳು. ಎರಡು ದಿನದೊಳಗೆ ನಗರಾಡಳಿತ ನಲವತ್ತು ದಿನಗಳ ಸುರಕ್ಷತಾ ಅಭಿಯಾನ ಆರಂಭಿಸಿತು. ಅಸುರಕ್ಷಿತ ಎಂದು ಬರೆದ ಮನೆಗಳಿಂದ ಜನರನ್ನು ಹೊರಹಾಕಿದರು. ಕೆಲವರಿಗೆ ಸಿಕ್ಕ ಗಡುವು ಗಂಟೆಗಳ ಲೆಕ್ಕದ್ದು. ಬೀಜಿಂಗಿನ ಚಳಿಗಾಲದಲ್ಲಿ, ಗಂಟು ಮೂಟೆ ಹಿಡಿದು ರಸ್ತೆಯಲ್ಲಿ ನಿಂತವರ ಚಿತ್ರಗಳು ಆಗ ಎಲ್ಲೆಡೆ ಬಂದವು. ಬೆಂಕಿಯಿಂದ ಕಾಪಾಡುವ ಹೆಸರಿನಲ್ಲಿ ಅವರನ್ನು ಚಳಿಗೆ ಬಿಟ್ಟಿದ್ದರು. ಡಂಕನ್‌ನ ಲಿವರ್‌ಪೂಲ್ ನೂರ ಎಪ್ಪತ್ತು ವರ್ಷದ ನಂತರ ಮತ್ತೆ ನಡೆದಂತಿತ್ತು.

ನ್ಯೂಯಾರ್ಕ್ ಇನ್ನೊಂದು ದಾರಿ ಹಿಡಿಯಲು ನೋಡುತ್ತಿದೆ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆಗೆ ಅಲ್ಲಿ 11 ಜನ ನೆಲಮಾಳಿಗೆಯ ಮನೆಗಳಲ್ಲಿ ಸತ್ತರು. ಹೆಚ್ಚಿನವು ಕಾನೂನಿನ ಕಣ್ಣಿಗೆ ಇಲ್ಲದ ಮನೆಗಳು. ಅದಕ್ಕೂ ಮೊದಲೇ, 2019ರಲ್ಲಿ, ನಗರದ ಈಸ್ಟ್ ನ್ಯೂಯಾರ್ಕ್ ಭಾಗದಲ್ಲಿ ಇಂಥ ಮನೆಗಳನ್ನು ಸುರಕ್ಷಿತಗೊಳಿಸಿ ಸಕ್ರಮ ಮಾಡುವ ಪ್ರಯೋಗ ಶುರುವಾಗಿತ್ತು. ಖರ್ಚು ಎಷ್ಟು ಏರಿತೆಂದರೆ ಬೆರಳೆಣಿಕೆಯ ಮನೆಗಳೂ ಮುಗಿಯುವುದು ಕಷ್ಟವಾಯಿತು. ಆದರೂ ಅಲ್ಲಿ ಪ್ರಶ್ನೆಯಾದರೂ ಬದಲಾಗಿದೆ. ‘ಇವರನ್ನು ಹೇಗೆ ತೆಗೆಯುವುದು’ ಎಂದು ಕೇಳುತ್ತಿದ್ದ ಜಾಗದಲ್ಲಿ ‘ಇವರು ಹೊರಬರುವುದು ಹೇಗೆ’ ಎಂದು ಕೇಳುತ್ತಿದ್ದಾರೆ.

*

ನಮ್ಮ ಬೇಸ್‌ಮೆಂಟಿನ ನಡುವಿನ ಕೋಣೆಯಲ್ಲಿ ರಾಯಚೂರು ಕಡೆಯ ಒಂದು ಸಂಸಾರವಿದೆ. ಗಂಡ ಅಪಾರ್ಟ್‌ಮೆಂಟೊಂದರಲ್ಲಿ ಸೆಕ್ಯುರಿಟಿ, ಹೆಂಡತಿ ಎರಡು ಮನೆಯ ಕೆಲಸಕ್ಕೆ ಹೋಗುತ್ತಾರೆ, ಮಗಳು ಮೂರನೆಯ ಕ್ಲಾಸು. ಕೊನೆಯ ಕೋಣೆಯಲ್ಲಿ ಊಟ ತಲುಪಿಸುವ ಕೆಲಸದ ನಾಲ್ವರು ಹುಡುಗರು. ಸ್ಕೂಟರುಗಳು ಅವರವು.

ನಾನು ಓದಿದ್ದನ್ನೆಲ್ಲ ಆ ಅಕ್ಕನಿಗೆ ಹೇಳಿದೆ. ಗ್ಯಾಸು, ಹೊಗೆ, ಗ್ರಿಲ್ಲು. ಅವರು ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡರು. ಕೊನೆಗೆ ಹೇಳಿದರು: “ಖರೇ ಐತ್ರಿ ಅಣ್ಣಾ. ಆದ್ರ ನೀವು ಯಾರಿಗಾರ ಅರ್ಜಿ ಗಿರ್ಜಿ ಕೊಟ್ಟೀರಿ ಮತ್ತ. ಅವ್ರು ಬಂದು ಬಾಗ್ಲಾ ಹಾಕಿಸ್ತಾರ. ಮ್ಯಾಲಿನ ಮನಿ ಹದಿನಾಲ್ಕು ಸಾವಿರ ಅಂತ. ಈಕಿ ಸಾಲಿ ಇಲ್ಲೇ ಹತ್ರ ಐತಿ.”

ಅರ್ಜಿ ಕೊಡುವುದು ನಾಗರಿಕನ ಕರ್ತವ್ಯ ಎಂದು ಯಾರಾದರೂ ಹೇಳಬಹುದು. ನಾನೂ ಒಂದು ವಾರ ಹಾಗೆಯೇ ಯೋಚಿಸಿದೆ. ಕೊಡಲಿಲ್ಲ. ಅದು ಸರಿಯಾದ ನಿರ್ಧಾರವೇ ಎಂದು ಕೇಳಿದರೆ ಈಗಲೂ ಎದೆ ಮುಟ್ಟಿ ಹೌದು ಎನ್ನಲಾರೆ. ಈ ಕಟ್ಟಡಕ್ಕೆ ಏನಾದರೂ ಆದರೆ ನನಗೆ ಮೊದಲೇ ಗೊತ್ತಿತ್ತು ಎಂಬ ಮಾತು ನನ್ನ ಬೆನ್ನು ಬಿಡುವುದಿಲ್ಲ.

ಮೂರೂ ಕೋಣೆಯವರು ಸೇರಿ ಓನರ್ ಹತ್ತಿರ ಹೋದೆವು. “ಇಷ್ಟು ವರ್ಷ ಏನೂ ಆಗಿಲ್ಲವಲ್ಲಪ್ಪ” ಎಂದರು. ಸ್ಕೂಟರ್ ಬೆಂಕಿಯ ಸುದ್ದಿಯನ್ನು ಫೋನಿನಲ್ಲಿ ತೋರಿಸಿದೆ. ಅವರ ಮನೆಯೂ ಅದೇ ಮೆಟ್ಟಿಲ ಮೇಲೆಯೇ ಇದೆ ಎಂಬುದು ಅವರಿಗೆ ಆಗ ಹೊಳೆದಿರಬೇಕು. ಚಾರ್ಜಿಂಗ್ ಪ್ಲಗ್ಗನ್ನು ಹೊರಗಿನ ಕಾಂಪೌಂಡ್ ಗೋಡೆಗೆ ಹಾಕಿಸಿಕೊಟ್ಟರು. ವೆಲ್ಡಿಂಗಿನವನನ್ನು ಕರೆಸಿ ಮೂರು ಕಿಟಕಿಗಳ ಗ್ರಿಲ್ ಕತ್ತರಿಸಿ, ಕೀಲು ಕೂರಿಸಿ, ಒಳಗಿನಿಂದ ಚಿಲಕ ಹಾಕಿಸಿದೆವು. ಆ ಖರ್ಚು ಅರ್ಧ ಅವರದು, ಅರ್ಧ ನಮ್ಮದು. ಕಿಟಕಿಯ ಕೆಳಗೆ ಹತ್ತಿ ನಿಲ್ಲಲು ಒಂದೊಂದು ಮರದ ಬೆಂಚು. ಮೀಟರ್ ಬೋರ್ಡಿನ ಹತ್ತಿರ ಬ್ಯಾಟರಿಯ ಹೊಗೆ ಅಲಾರಂ. ಗ್ಯಾಸ್ ಸಿಲಿಂಡರ್ ಮಾತ್ರ ಇದ್ದಲ್ಲಿಯೇ ಇದೆ. ಇಂಡಕ್ಷನ್ ಒಲೆಗೆ ಕರೆಂಟ್ ಬಿಲ್ ಯಾರು ಕಟ್ಟಬೇಕೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಗ್ರಿಲ್ ಕೂತ ಭಾನುವಾರ ನಾವೆಲ್ಲ ಹತ್ತಿ ನೋಡಿದೆವು. ಹುಡುಗಿಗೆ ಅದು ಆಟ; ಬೆಂಚು ಹತ್ತಿ, ಚಿಲಕ ತೆಗೆದು, ಹಲ್ಲಿಯಂತೆ ಹೊರಗೆ ಜಾರಿ ರಸ್ತೆಯ ಕಡೆಯಿಂದ ನಗುತ್ತ ಓಡಿ ಬಂದಳು. ನಾಲ್ಕು ಸಲ ಮಾಡಿದಳು. ಅವಳಮ್ಮ ಸೀರೆ ಬಿಗಿ ಮಾಡಿಕೊಂಡು ಒಮ್ಮೆ ದಾಟಿದರು. ಅವಳಪ್ಪ ಭುಜ ಓರೆ ಮಾಡಿ, ಉಸಿರು ಬಿಗಿಹಿಡಿದು, ಮೊಣಕೈ ತರಚಿಕೊಂಡು ಹೊರಗೆ ಬಂದರು. ನಮ್ಮ ಕಿಟಕಿಯ ಎತ್ತರ ಹದಿನೈದು ಇಂಚು. ಇಪ್ಪತ್ತನಾಲ್ಕು ಎಂದು ಬರೆದವರು ಸುಮ್ಮನೆ ಬರೆದಿರಲಿಲ್ಲ.

ಈ ಕಟ್ಟಡದ ನಕ್ಷೆಯಲ್ಲಿ ನಮ್ಮ ಮೂರು ಕೋಣೆಗಳಿರುವುದು ವಾಹನ ನಿಲ್ಲಿಸುವ ಜಾಗ. ನಿನ್ನೆ ರಾತ್ರಿ ಅಲ್ಲಿ ಎಂಟು ಜನ ಮಲಗಿದ್ದೆವು.